ನಾಲ್ಕು ಪಟ್ಟು ಎಂದು ಹೇಳಿದ ಮೇಲೆ

ಪಡಸಾಲೆಯ ಗೋಡೆ ಕಪಾಟಿನಲ್ಲಿ ಹಸಿರು ರಟ್ಟಿನ ದಪ್ಪ ಪುಸ್ತಕವೊಂದಿದೆಯಲ್ಲ, ಅದು ನಿಮ್ಮಮ್ಮ ಬರೆದದ್ದು. ಕೇರಂ ಸ್ಟ್ಯಾಂಡಿನ ಒಂದು ಕಾಲು ಗಿಡ್ಡವಾಗಿದೆ ಎಂದು ನೀವು ಅದನ್ನು ಆ ಕಾಲಿನ ಕೆಳಗೆ ಇಡುವುದನ್ನು ನಾನು ನೋಡಿದ್ದೇನೆ. ಬೇಡ ಅನ್ನೋಣವೆಂದು ಮಾತು ಬಾಯಿತನಕ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ನನ್ನ ಸ್ವಭಾವ ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ.

ಆ ಪುಸ್ತಕ ಇಂಗ್ಲಿಷಿನಲ್ಲಿದೆ. ನಾನು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನತನಕ ಓದಿದವಳು. ಬಸ್ಸಿನ ಬೋರ್ಡು ಓದಿಕೊಳ್ಳುತ್ತೇನೆ, ಅಷ್ಟೇ ನನ್ನ ಇಂಗ್ಲಿಷು. ಆದರೆ ಆ ಪುಸ್ತಕದೊಳಗಿನ ಜನ ನನಗೆ ಗೊತ್ತು. ಅವರ ಪೈಕಿ ಒಬ್ಬನ ವಿಷಯ ನಿಮಗೆ ಹೇಳಬೇಕು.

ಆಗ ನೀವಿನ್ನೂ ಹುಟ್ಟಿರಲಿಲ್ಲ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ನಿಮ್ಮ ತಾತ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಹೊಲವೆಲ್ಲ ಪೀಣ್ಯದ ಕಾರ್ಖಾನೆಗಳಿಗೆ ಹೋದ ಮೇಲೆ ಉಳಿದ ತುಂಡಿನಲ್ಲಿ ಅವರು ಸಾಲಾಗಿ ಶೀಟಿನ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಕೊನೆಯ ಮನೆಯಲ್ಲಿ ಯಾದಗಿರಿ ಕಡೆಯ ಗಂಡ ಹೆಂಡತಿ ಇದ್ದರು. ಬೆಳಿಗ್ಗೆ ಅವಳು ರೊಟ್ಟಿ ಬಡಿಯುವ ಸದ್ದು ಕೇಳಿಯೇ ನಾನು ಏಳುತ್ತಿದ್ದೆ. ಅವಳ ಗಂಡನಿಗೆ ಬಫಿಂಗ್ ಕೆಲಸ. ಮೋಟರಿಗೆ ಸಿಕ್ಕಿಸಿದ ಬಟ್ಟೆಯ ಚಕ್ರ ಗಿರ್ರನೆ ತಿರುಗುತ್ತಿರುತ್ತದೆ, ಹಿತ್ತಾಳೆಯ ನಲ್ಲಿಗಳನ್ನು ಅದಕ್ಕೆ ಒತ್ತಿ ಹಿಡಿದು ಹೊಳಪು ಬರಿಸಬೇಕು. ನಲ್ಲಿ ಹೊಳೆದಷ್ಟೂ ಹಿಡಿದವನು ಕಪ್ಪಾಗುತ್ತಾನೆ. ಸಂಜೆ ಅವನು ಗೇಟು ದಾಟಿ ಬಂದರೆ ಕಣ್ಣು, ಹಲ್ಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಂಗಳದ ನಲ್ಲಿಯ ಕೆಳಗೆ ಕೂತು ತೊಳೆದುಕೊಂಡರೆ ಚರಂಡಿಯುದ್ದಕ್ಕೂ ಕರಿ ನೀರು. ಆಮೇಲೆ ಕೆಮ್ಮು. ಬೀಡಿಯನ್ನೂ ಸೇದುತ್ತಿದ್ದ.

ನಿಮ್ಮಮ್ಮ ಮದುವೆಯಾಗಿ ಬಂದಾಗ ಜನರ ಆರೋಗ್ಯದ ಬಗ್ಗೆ ದೊಡ್ಡ ಓದು ಓದುತ್ತಿದ್ದಳು. ಮಾತ್ರೆ ಬರೆದುಕೊಡುವ ಡಾಕ್ಟರ್ ಓದಲ್ಲ. ಯಾವ ಕೆಲಸ ಮಾಡುವವರಿಗೆ ಯಾವ ಕಾಯಿಲೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕುವ ಓದು. ಬಫಿಂಗ್ ಶೆಡ್ಡುಗಳ ಕೆಮ್ಮನ್ನೇ ಆರಿಸಿಕೊಂಡಳು. ಮನೆಮನೆಗೆ ಹೋಗಿ ಕೇಳಬೇಕಿತ್ತು. ಹೊಸ ಸೊಸೆ, ದಾರಿ ಗೊತ್ತಿಲ್ಲ, ಅದಕ್ಕೆ ಅವಳ ಬ್ಯಾಗು ಹಿಡಿದು ಜೊತೆಗೆ ಹೋಗುತ್ತಿದ್ದೆ. ನಾನು ಬಾಗಿಲ ಪಕ್ಕ ಗೋಡೆಗೆ ಒರಗಿ ನಿಲ್ಲುತ್ತಿದ್ದೆ, ಅವಳು ಒಳಗೆ ಕೂತು ಕೇಳುತ್ತಿದ್ದಳು. ಕೆಮ್ಮು ಇದೆಯಾ, ಎಷ್ಟು ವರ್ಷದಿಂದ, ಬೀಡಿ ಉಂಟಾ, ಒಲೆಗೆ ಸೌದೆಯಾ ಗ್ಯಾಸಾ. ಬಫಿಂಗ್ ಮಾಡುವವರನ್ನೂ ಕೇಳಿದಳು, ಅದೇ ಶೆಡ್ಡುಗಳಲ್ಲಿ ಪ್ಯಾಕಿಂಗ್ ಮಾಡುವವರು, ಗೇಟು ಕಾಯುವವರನ್ನೂ ಕೇಳಿದಳು.

ಎಲ್ಲ ಮುಗಿದ ಮೇಲೆ ಅದನ್ನು ಲ್ಯಾಪ್‌ಟಾಪಿಗೆ ಹಾಕುವ ಕೆಲಸ. ನಾನು ಓದಿ ಹೇಳುತ್ತಿದ್ದೆ, ಅವಳು ಒತ್ತುತ್ತಿದ್ದಳು. ಕೆಮ್ಮು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಬಫಿಂಗ್ ಆದರೆ ಒಂದು, ಬೇರೆ ಕೆಲಸವಾದರೆ ಸೊನ್ನೆ. ಬೀಡಿಗೂ ಹಾಗೇ, ಸೌದೆ ಒಲೆಗೂ ಹಾಗೇ. ಮಧ್ಯಾಹ್ನವೆಲ್ಲ ಒಂದು, ಸೊನ್ನೆ, ಒಂದು, ಒಂದು ಅನ್ನುತ್ತಾ ಕೂತಿರುತ್ತಿದ್ದೆ. ಅಷ್ಟು ಮಾತು ನಾನು ಈ ಮನೆಯಲ್ಲಿ ಯಾವತ್ತೂ ಆಡಿರಲಿಲ್ಲ. ಕೊನೆಯ ಮನೆಯವನ ಸಾಲು ಬಂದಾಗ ಎಲ್ಲ ಕಡೆಯೂ ಒಂದು. "ಪಾಪ, ಒಂದೂ ಸೊನ್ನೆ ಇಲ್ವಲ್ಲ ಅತ್ತೆ" ಅಂದಳು ನಿಮ್ಮಮ್ಮ.

ಕೆಲವು ದಿನ ಬಿಟ್ಟು ಅವಳು ಖುಷಿಯಾಗಿ ಅಂಗಳಕ್ಕೆ ಬಂದಳು. ಕೊನೆಯ ಮನೆಯವಳು ಹೊರಗೆ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದಳು.

"ಅಕ್ಕಾರ, ನಿಮ್ಮ ಲೆಕ್ಕ ಬಂತೇನ್ರಿ?"

"ಬಂತು ಕಣಮ್ಮ. ಬೀಡಿ, ವಯಸ್ಸು, ಸೌದೆ ಒಲೆ ಎಲ್ಲ ಪಕ್ಕಕ್ಕಿಟ್ಟು ನೋಡಿದ್ರೂ ಬಫಿಂಗ್ ಮಾಡೋರಿಗೆ ಕೆಮ್ಮು ನಾಲ್ಕು ಪಟ್ಟು."

ಅವಳ ಕೈ ಹಿಟ್ಟಿನ ಮೇಲೆ ನಿಂತಿತು. "ನಾಕ್ ಪಟ್ಟು? ಕಂಪ್ಯೂಟರ್ ಅಂತದೇನ್ರಿ ಹಂಗ?"

"ಹೂಂ."

ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು. ಸಂಜೆ ಅವಳು ಗಂಡನಿಗೆ ಮುಖ ತೊಳೆಯಲೂ ಬಿಡದೆ ಕೆಲಸ ಬಿಡಬೇಕೆಂದು ಹಟ ಹಿಡಿದಳು. ಅವನು ಕರಿ ಮುಖದಲ್ಲೇ ನಗುತ್ತಿದ್ದ. "ಯವ್ವಾ, ನೋಡ್ರಿ ಇಕೀನ" ಎಂದು ನನ್ನ ಕಡೆ ತಿರುಗಿದ. "ನಾಕ್ ಪಟ್ಟು ಪಗಾರ ಕೊಡ್ತಾರಂದಿದ್ರ ಇಕಿ ನಂಬ್ತಿದ್ದಿಲ್ಲ. ನಾಕ್ ಪಟ್ಟು ಕೆಮ್ಮು ಅಂದ್ರ ಕೂಡ್ಲೇ ನಂಬ್ಯಾಳ."

"ನಗ್ರಿ, ನಗ್ರಿ. ಕೆಮ್ಮಿಲ್ದ ನಗಾಕ ಬರ್ತದೇನು ನಿಮಗ, ಅದರಾಗ ಮತ್ತ ಮಾತು" ಅಂದಳು. ನಿಜವಾಗಿಯೂ ನಗು ಕೆಮ್ಮಾಗಿ ಅವನು ಗೋಡೆ ಹಿಡಿದುಕೊಂಡ.

ಆ ವಾರವೇ ಕೆಲಸ ಬಿಡಿಸಿದಳು. ಶೆಡ್ಡಿನ ಯಜಮಾನನಿಗೆ ಇವನ ಕೈ ಇಷ್ಟ. ಆಯುಧಪೂಜೆಯ ತನಕ ನಿನ್ನ ಚಕ್ರಕ್ಕೆ ಖಾಯಂ ಆಗಿ ಯಾರನ್ನೂ ಹಾಕುವುದಿಲ್ಲ ಅಂದನಂತೆ. ಆ ಕಡೆಯ ಶೆಡ್ಡುಗಳಲ್ಲಿ ಒಂದು ಪದ್ಧತಿಯಿತ್ತು: ಆಯುಧಪೂಜೆಯ ದಿನ ಯಾರು ಯಾವ ಮೆಷಿನ್ನಿಗೆ ಕುಂಬಳಕಾಯಿ ಒಡೆದು ಪೂಜೆ ಮಾಡುತ್ತಾರೋ ಮುಂದಿನ ವರ್ಷ ಆ ಮೆಷಿನ್ನು ಅವರದು. ಬಂದು ಪೂಜೆ ಮಾಡಿದರೆ ಚಕ್ರ ನಿನ್ನದೇ, ಬರದಿದ್ದರೆ ಪೂಜೆ ಮಾಡಿದವನದು ಎಂದಿದ್ದ ಯಜಮಾನ.

ಅವನು ಬೇರೆ ಕೆಲಸ ಹುಡುಕಿದ. ಪ್ಯಾಕಿಂಗ್‌ಗೆ ಹೆಂಗಸರೇ ಬೇಕು ಅಂದರು. ಗೇಟು ಕಾಯಲು ಎತ್ತರ ಸಾಲದು ಅಂದರು. ಅವನಿಗೆ ಗೊತ್ತಿದ್ದದ್ದು ಉಜ್ಜಿ ಹೊಳಪು ಕೊಡುವುದೊಂದೇ. ಕೊನೆಗೆ ಬೆಂಗಳೂರಿನ ಇನ್ನೊಂದು ತುದಿಯ ಜಿಗಣಿಯಿಂದ ಅವನ ಊರಿನವನೊಬ್ಬ ಫೋನು ಮಾಡಿದ. ಅಲ್ಲಿ ಗ್ರಾನೈಟ್ ಕಲ್ಲಿನ ಯೂನಿಟ್ಟಿನಲ್ಲಿ ಜನ ಬೇಕಾಗಿದ್ದಾರೆ, ಹಲಗೆಕಲ್ಲಿನ ಅಂಚನ್ನು ಕೈ ಮೆಷಿನ್ನಿನಲ್ಲಿ ಉಜ್ಜುವುದು, ಉಳಿಯಲು ರೂಮು ಅವರೇ ಕೊಡುತ್ತಾರೆ. ಹಬ್ಬ ಮುಗಿಸಿ ಬರುತ್ತೇನೆ ಎಂದು ಇವನು ಒಪ್ಪಿಕೊಂಡ.

ಅದನ್ನು ಕೇಳಿ ನಿಮ್ಮಮ್ಮನ ಮುಖ ಸಪ್ಪಗಾಯಿತು. "ಕಲ್ಲಿನ ಧೂಳಾ?" ಅಂದಳು. ಆದರೆ ಅವನನ್ನು ತಡೆಯಲಿಲ್ಲ.

ನವರಾತ್ರಿ ಶುರುವಾಗಿತ್ತು. ನಾನು ಅಡುಗೆಮನೆಯಲ್ಲಿ ಉಸಲಿಗೆ ಕಾಳು ಆರಿಸುತ್ತಿದ್ದೆ. ನಿಮ್ಮಮ್ಮ ಕಾಲೇಜಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನ ಪಕ್ಕ ನೆಲದ ಮೇಲೆ ಕೂತಳು.

"ಅತ್ತೆ, ನಾನು ತಪ್ಪು ಹೇಳಿಬಿಟ್ಟೆ. ಅದು ನಾಲ್ಕು ಪಟ್ಟು ಅಲ್ಲ."

ಅವಳ ಗೈಡು, ಅಂದರೆ ಓದಿಸುವ ಮೇಷ್ಟರು, ಲೆಕ್ಕ ನೋಡಿ ಹೇಳಿದ್ದರಂತೆ. ಕಂಪ್ಯೂಟರ್ ತಪ್ಪು ಮಾಡಿಲ್ಲ, ಅದು ಹೇಳಿದ್ದನ್ನು ನೀನು ತಪ್ಪಾಗಿ ಓದಿದ್ದೀಯ ಎಂದು. ನನಗೆ ಅರ್ಥವಾಗಲಿಲ್ಲ. ಅವಳು ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಸುಮ್ನೆ ಹತ್ತು ಜನ ಅಂದ್ಕೊಳ್ಳಿ, ಬಫಿಂಗ್‌ನೋರು. ಕೆಮ್ಮೋರು ಕಡಲೆ, ಕೆಮ್ಮದೋರು ಅಲಸಂದೆ." ಎಂಟು ಕಡಲೆ, ಎರಡು ಅಲಸಂದೆ ಇಟ್ಟಳು. ಪಕ್ಕದಲ್ಲಿ ಬೇರೆ ಕೆಲಸದವರೆಂದು ಐದು ಕಡಲೆ, ಐದು ಅಲಸಂದೆ. "ಈ ಸಾಲಲ್ಲಿ ಒಂದು ಅಲಸಂದೆಗೆ ಎಷ್ಟು ಕಡಲೆ?"

"ನಾಕು" ಅಂದೆ.

"ಆ ಸಾಲಲ್ಲಿ?"

"ಒಂದಕ್ಕೊಂದು."

"ಇಲ್ಲಿ ನಾಲ್ಕು, ಅಲ್ಲಿ ಒಂದು. ಕಂಪ್ಯೂಟರ್ ಕೊಟ್ಟ ನಾಲ್ಕು ಈ ಥರದ ನಾಲ್ಕು ಅತ್ತೆ. ಕೆಮ್ಮೋರನ್ನ ಕೆಮ್ಮದೋರ ಜೊತೆ ತೂಗಿ ನೋಡಿದ್ದು. ಆದ್ರೆ ಅವಳು ಕೇಳಿದ್ದು ಬೇರೆ. ಬಫಿಂಗ್ ಮಾಡಿದ್ರೆ ಹತ್ತರಲ್ಲಿ ಎಷ್ಟು ಜನ ಕೆಮ್ತಾರೆ, ಮಾಡದಿದ್ರೆ ಎಷ್ಟು ಜನ? ಇಲ್ಲಿ ಎಂಟು, ಅಲ್ಲಿ ಐದು. ಎಂಟು ಅನ್ನೋದು ಐದರ ನಾಲ್ಕು ಪಟ್ಟಾ?"

ಅಲ್ಲ. ಐದಕ್ಕೆ ಎರಡು ಪಟ್ಟೂ ಅಲ್ಲ.

ಕಾಯಿಲೆ ಅಪರೂಪದ್ದಾಗಿದ್ದರೆ ಎರಡು ಲೆಕ್ಕವೂ ಹೆಚ್ಚುಕಡಿಮೆ ಒಂದೇ ಬರುತ್ತದಂತೆ. ನಮ್ಮಲ್ಲಿ ಕೆಮ್ಮು ಮನೆಮನೆಗೂ ಇತ್ತು. ಹಾಗೆ ಎಲ್ಲರಿಗೂ ಇರುವ ಕಾಯಿಲೆಯಲ್ಲಿ ಆ ಅಂಕಿ ಉಬ್ಬಿಬಿಡುತ್ತದೆ. "ಪಾಠದಲ್ಲಿ ಓದಿದ್ದೆ ಅತ್ತೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅಂಗಳದಲ್ಲಿ ಹೇಳೋವಾಗ ನೆನಪಾಗ್ಲಿಲ್ಲ" ಅಂದಳು. ಒಂದು ಕಡಲೆಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಳು. "ಅವ್ರಿಗೆ ಹೇಳ್ಲಾ?"

ಹೇಳು ಎಂದರೆ ಅವನು ಮತ್ತೆ ಬಫಿಂಗ್‌ಗೆ ಹೋಗುತ್ತಾನೆ. ಬೇಡವೆಂದರೆ ಜಿಗಣಿಗೆ ಹೋಗುತ್ತಾನೆ. ನಾನು ಮೊರವನ್ನು ಹಿಂದಕ್ಕೆ ಎಳೆದುಕೊಂಡು ಕಾಳು ಆರಿಸಿದೆ.

ಅವಳೇ ಎದ್ದು ಹೋಗಿ ಹೇಳಿದಳು. ಅಂಗಳದ ಮಧ್ಯೆ ನಿಂತು, ತಲೆ ಬಗ್ಗಿಸಿಕೊಂಡು. ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲಿ ನಿಂತು ಕೇಳಿದರು.

"ಅಂದ್ರ ತಕ್ಕಡಿಯಾಗ ಮೋಸ ಆತೇನ್ರಿ ಅಕ್ಕಾರ?" ಅಂದ ಅವನು, ತಮಾಷೆಗೆ.

"ತಕ್ಕಡಿ ಸರಿಯಿತ್ತು. ನಾನು ನೋಡಿದ್ದು ಸರಿಯಿಲ್ಲ."

"ಹಂಗಾರ ಖರೆ ಎಷ್ಟ್ರಿ?" ಅಂದಳು ಅವಳು.

"ಆಯುಧಪೂಜೆ ಹೊತ್ತಿಗೆ ಹೇಳ್ತೀನಿ."

ಬರೀ ಎಂಟು, ಐದು ಎಂದು ಎಣಿಸಿದರೆ ಮುಗಿಯುವ ಕೆಲಸವಾಗಿರಲಿಲ್ಲ. ಬಫಿಂಗ್‌ನವರೇ ಬೀಡಿಯನ್ನೂ ಹೆಚ್ಚು ಸೇದುತ್ತಿದ್ದರು. ಹಾಗಾಗಿ ಬೀಡಿಯ ಪಾಲನ್ನು ಬಫಿಂಗ್‌ನ ತಲೆಗೆ ಕಟ್ಟುವ ಹಾಗಿಲ್ಲ. ಅದಕ್ಕೆ ಮೇಷ್ಟರು ಬೇರೆ ದಾರಿ ತೋರಿಸಿದ್ದರು. ನಿಮ್ಮಮ್ಮ ಅದನ್ನು ನನಗೆ ಬಿಡಿಸಿ ಹೇಳಿದಳು. ಪಟ್ಟಿಯಲ್ಲಿರುವ ಎಲ್ಲರನ್ನೂ ಒಮ್ಮೆ ಬಫಿಂಗ್ ಮಾಡುವವರೆಂದೇ ಅಂದುಕೊಳ್ಳಬೇಕು. ಅವರವರ ವಯಸ್ಸು ಅವರದೇ, ಬೀಡಿ ಅವರದೇ, ಒಲೆ ಅವರದೇ. ಆದರೆ ಬಫಿಂಗ್‌ನ ಜಾಗದಲ್ಲಿ ಎಲ್ಲರಿಗೂ ಒಂದು. ಹಾಗಾದರೆ ಒಬ್ಬೊಬ್ಬರೂ ಕೆಮ್ಮುವ ಸಂಭವ ಎಷ್ಟು ಎಂದು ಕಂಪ್ಯೂಟರ್ ಹೇಳುತ್ತದೆ. ಅದರ ಸರಾಸರಿ ತೆಗೆಯಬೇಕು. ಆಮೇಲೆ ಅದೇ ಜನ, ಅದೇ ಬೀಡಿ, ಅದೇ ಒಲೆ, ಆದರೆ ಬಫಿಂಗ್‌ನ ಜಾಗದಲ್ಲಿ ಎಲ್ಲರಿಗೂ ಸೊನ್ನೆ. ಮತ್ತೆ ಸರಾಸರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವುದೇ ನಿಜವಾದ ಪಟ್ಟು.

ನನಗೆ ಆ ಜನರ ಮುಖಗಳು ಕಂಡವು. ಗೇಟು ಕಾಯುವ ಮುದುಕನನ್ನು ಆ ಕಂಪ್ಯೂಟರು ತಂದು ಬಫಿಂಗ್ ಚಕ್ರದ ಮುಂದೆ ನಿಲ್ಲಿಸುತ್ತಿತ್ತು. ಡಬ್ಬಿಗೆ ಟೇಪು ಅಂಟಿಸುವ ಹೆಂಗಸಿನ ಮುಖಕ್ಕೆ ಕರಿ ಬಳಿಯುತ್ತಿತ್ತು. ಆಮೇಲೆ ಎಲ್ಲರನ್ನೂ ಒಟ್ಟಿಗೆ ಬಿಡುಗಡೆ ಮಾಡುತ್ತಿತ್ತು, ನಮ್ಮ ಕೊನೆಯ ಮನೆಯವನನ್ನೂ.

ಒಮ್ಮೆ ಭಾಗಿಸಿದರೂ ಸಾಲದು. ಬೇರೆ ಯಾರನ್ನೋ ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತೋ ಏನೋ, ಅದು ಎಷ್ಟು ಅಲುಗಾಡುತ್ತದೆ ಎಂದೂ ನೋಡಬೇಕು. ಅದಕ್ಕೆ ಇರುವ ಜನರನ್ನೇ ಚೀಟಿ ಎತ್ತಿದ ಹಾಗೆ ಎತ್ತುವುದು. ಚೀಟಿ ವ್ಯವಹಾರದಲ್ಲಿ ಒಮ್ಮೆ ಎತ್ತಿದವರ ಹೆಸರು ಮತ್ತೆ ಬರುವುದಿಲ್ಲ. ಇಲ್ಲಿ ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೇ ಹಾಕಿ ಎತ್ತಬೇಕು. ಹಾಗೆ ಮಾಡಿದ ಒಂದೊಂದು ಗುಂಪಿಗೂ ಮೊದಲಿನಿಂದ ಲೆಕ್ಕ. ನಿಮ್ಮಮ್ಮನ ಹಳೇ ಲ್ಯಾಪ್‌ಟಾಪು ಅದಕ್ಕೆ ಏದುಸಿರು ಬಿಡುತ್ತಿತ್ತು. ಎರಡು ಸಲ ಕರೆಂಟು ಹೋಗಿ ಅರ್ಧಕ್ಕೆ ನಿಂತಿತು.

ಆಯುಧಪೂಜೆಯ ಬೆಳಿಗ್ಗೆ ಅದು ಇನ್ನೂ ಓಡುತ್ತಲೇ ಇತ್ತು. ಕುಡುಗೋಲು, ಈಳಿಗೆಮಣೆ, ನಿಮ್ಮಪ್ಪನ ಗಾಡಿ ಎಲ್ಲಕ್ಕೂ ಹೂವಿಟ್ಟಾಗಿತ್ತು. ಪೂಜೆಗಿಟ್ಟ ಆಯುಧ ಅವತ್ತು ಕೆಲಸ ಮಾಡಬಾರದು.

"ಇದನ್ನ ನಿಲ್ಸಕ್ಕಾಗಲ್ಲ ಅತ್ತೆ" ಅಂದಳು ನಿಮ್ಮಮ್ಮ.

"ಓಡ್ಲಿ ಬಿಡು. ಮುಟ್ಟಬೇಡ ಅಷ್ಟೇ" ಅಂದೆ. ನಿಮ್ಮ ತಾತ ಹೋದ ಮೇಲೆ ಕುಂಕುಮದ ಬಟ್ಟಲಿಂದ ನಾನು ದೂರವೇ ಇರುತ್ತಿದ್ದೆ. ಅವಳೇ ಲ್ಯಾಪ್‌ಟಾಪಿನ ಮೂಲೆಗೆ ಕುಂಕುಮ ಇಟ್ಟು, ಒಂದು ಸೇವಂತಿಗೆ ಹೂವು ಸಿಕ್ಕಿಸಿದಳು. ಅದರ ಬಿಸಿ ಗಾಳಿಗೆ ಹೂವು ಅಲ್ಲಾಡುತ್ತಿತ್ತು.

ಕೊನೆಯ ಮನೆಯವನು ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡು ಶೆಡ್ಡಿಗೆ ಹೋಗಿದ್ದ, ಕೈಯಲ್ಲಿ ಫೋನು ಹಿಡಿದುಕೊಂಡು. ಹೆಂಡತಿ ಏನು ಹೇಳುತ್ತಾಳೋ ನೋಡಿ ಪೂಜೆಗೆ ನಿಲ್ಲುವುದೋ ಬಿಡುವುದೋ ಎಂದು ಮಾತಾಗಿತ್ತು. ಅವಳು ನಮ್ಮ ಹೊಸ್ತಿಲಲ್ಲೇ ಕೂತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ.

ಕಡೆಗೆ ಉತ್ತರ ಬಂತು. ಸರಿಯಾದ ಅಂಕಿ ನನಗೆ ನೆನಪಿಲ್ಲ. ಎರಡಕ್ಕಿಂತ ಕಡಿಮೆ, ಒಂದೂವರೆಯ ಆಸುಪಾಸು. ಚೀಟಿ ಎತ್ತಿ ಅಲುಗಾಡಿಸಿ ನೋಡಿದರೂ ಒಂದಕ್ಕಿಂತ, ಅಂದರೆ ಎರಡೂ ಕಡೆ ಸಮ ಅನ್ನುವುದಕ್ಕಿಂತ, ಕೆಳಗೆ ಇಳಿಯಲಿಲ್ಲ.

"ಕಮ್ಮಿ ಆತು" ಅಂದಳು ಅವಳು. ಮುಖ ಅರಳಿತು.

"ಕಮ್ಮಿ. ಆದ್ರೆ ಸುಳ್ಳಲ್ಲ. ಬಫಿಂಗ್‌ನಿಂದ ಕೆಮ್ಮು ಜಾಸ್ತಿ ಅನ್ನೋದು ನಿಜವೇ."

"ಹಂಗಾರ ಇವ್ರು ಹೋಗ್ಬೇಕೇನು, ಬ್ಯಾಡೇನ್ರಿ?"

ನಿಮ್ಮಮ್ಮ ಲ್ಯಾಪ್‌ಟಾಪಿನ ಕಡೆ ತಿರುಗಿ ಅಂಕಿಯನ್ನು ಮತ್ತೆ ನೋಡಿದಳು.

"ಅಕ್ಕಾರ, ನೀವು ಎಲ್ಲಾರ್ನೂ ಬಿಡಿಸಿ ನೋಡೀರಂತಲ್ಲ. ನಮ್ಮವರನ್ನೂ ಬಿಡಿಸೀರಿ. ಬಿಡಿಸಿದಾಗ ಅವ್ರು ಎಲ್ಲಿ ಕೆಲಸ ಮಾಡ್ಲಿಕ್ಕತ್ತಿದ್ರು?"

"ಎಲ್ಲೂ ಇಲ್ಲಮ್ಮ. ಬಫಿಂಗ್ ಇಲ್ಲ, ಅಷ್ಟೇ. ನಾನು ಕೇಳಿದ ಬೇರೆ ಜನ ಇದಾರಲ್ಲ, ಪ್ಯಾಕಿಂಗ್, ಗೇಟು, ಅಂಥ ಕಡೆ ಇದ್ದ ಹಾಗೆ."

"ಅಲ್ಲಿ ಇವ್ರನ್ನ ತಗೋಳ್ಳಿಲ್ಲಲ್ರಿ. ಜಿಗಣಿಗ ಹೋದ್ರ ಎಷ್ಟಂತದ?"

"ಕಲ್ಲು ಕೆಲಸದ ಒಬ್ಬರನ್ನೂ ನಾನು ಕೇಳಿಲ್ಲ. ಅದು ಇದರಲ್ಲಿ ಇಲ್ಲ." ನಿಮ್ಮಮ್ಮ ಹೊಸ್ತಿಲ ಹತ್ತಿರ ಬಂದು ಕೂತಳು. "ಕಲ್ಲಿನ ಧೂಳು ಒಳ್ಳೇದಲ್ಲ ಅಂತ ಮಾತ್ರ ಗೊತ್ತು. ಬೇಗ ಗೊತ್ತಾಗಲ್ಲ, ವರ್ಷಗಳಾದ ಮೇಲೆ ತೋರಿಸುತ್ತೆ. ಬಫಿಂಗ್‌ಗಿಂತ ಅದೇ ನನಗೆ ಭಯ."

ಅಷ್ಟು ಸಾಕಾಯಿತು ಅವಳಿಗೆ. ಪೂಜೆಗೆ ನಿಲ್ಲಿ ಎಂದು ಹೇಳಲು ಫೋನು ಮಾಡಿದಳು, ಗಂಡ ಎತ್ತಲಿಲ್ಲ. ಶೆಡ್ಡುಗಳಲ್ಲಿ ಡೋಲು, ಪಟಾಕಿ, ಯಾರಿಗೆ ಕೇಳಿಸಬೇಕು? ಸೆರಗು ಸಿಕ್ಕಿಸಿಕೊಂಡು ಓಡಿದಳು. ನಾನು ಗೇಟಿನ ತನಕ ಹೋಗಿ ನಿಂತೆ. ಜೊತೆಗೆ ಹೋಗಬಹುದಿತ್ತು, ಗಂಡಸರೇ ತುಂಬಿದ ಶೆಡ್ಡು, ಕಾಲು ಬರಲಿಲ್ಲ.

ಇಬ್ಬರೂ ಒಟ್ಟಿಗೆ ಹಿಂದಿರುಗಿದರು. ಅವನ ಹಣೆಯಲ್ಲಿ ಕುಂಕುಮ, ಕೈಯಲ್ಲಿ ಮಿಠಾಯಿ ಡಬ್ಬಿ ಮತ್ತು ಕಡಲೆಪುರಿ ಪೊಟ್ಟಣ. ಪೂಜೆ ಮಾಡಿಬಿಟ್ಟನೇನೋ ಅಂದುಕೊಂಡೆ. ಹಾಗಾಗಿರಲಿಲ್ಲ. ಇವನು ಫೋನನ್ನು ಜೇಬಿಗಿಟ್ಟುಕೊಂಡು ಅದು ಬಡಿಯುವುದನ್ನೇ ಕಾಯುತ್ತಾ ಹಿಂದೆ ನಿಂತಿದ್ದನಂತೆ. ಯಜಮಾನ ಎರಡು ಸಲ ಕರೆದು, ಮುಹೂರ್ತ ಮೀರುತ್ತದೆಂದು, ಇವನ ಬದಲಿಗೆ ಬರುತ್ತಿದ್ದ ಬಿಹಾರದವನ ಕೈಗೆ ಕುಂಬಳಕಾಯಿ ಕೊಟ್ಟ. ಅವನು ಒಡೆದ. ಹೆಂಡತಿ ಹೋಗುವಷ್ಟರಲ್ಲಿ ಚಕ್ರಕ್ಕೆ ಹಾರ ಬಿದ್ದಿತ್ತು.

"ಮುಂದಿನ ವರ್ಷ ಬಾ ಅಂದ್ರು" ಎಂದು ಅವನು ಮಿಠಾಯಿ ಡಬ್ಬಿಯನ್ನು ನನ್ನ ಮುಂದೆ ಚಾಚಿದ. "ತಗೋರಿ ಯವ್ವಾ, ಮೈಸೂರ್‌ಪಾಕ ಅದ." ಅವನ ಹೆಂಡತಿ ಯಾರನ್ನೂ ನೋಡದೆ ಒಳಗೆ ಹೋಗಿ ಪಾತ್ರೆ ಕಟ್ಟತೊಡಗಿದಳು.

ಅವರು ಜಿಗಣಿಗೆ ಹೋದರು. ನಿಮ್ಮಮ್ಮನ ಲೆಕ್ಕವನ್ನು ಮೇಷ್ಟರು ಮೆಚ್ಚಿದರು. ಪುಸ್ತಕಕ್ಕೆ ಹಸಿರು ರಟ್ಟು ಕಟ್ಟಿಸಿದ ದಿನ ನಿಮ್ಮಪ್ಪ ಎಲ್ಲರನ್ನೂ ಹೋಟೆಲಿಗೆ ಕರೆದುಕೊಂಡು ಹೋದ. ನಿಮ್ಮಮ್ಮ ದೋಸೆಯನ್ನು ಅರ್ಧ ತಿಂದು ಬಿಟ್ಟಳು. ಕಲ್ಲಿನವರ ಬಗ್ಗೆಯೂ ಮಾಡುತ್ತೇನೆ ಅನ್ನುತ್ತಿದ್ದಳು. ಅಷ್ಟರಲ್ಲಿ ನಿಮ್ಮಲ್ಲಿ ದೊಡ್ಡವನು ಹೊಟ್ಟೆಯಲ್ಲಿದ್ದ, ಆಮೇಲೆ ಚಿಕ್ಕವಳು, ಆಮೇಲೆ ಕೆಲಸ. ಆಗಲಿಲ್ಲ.

ದೊಡ್ಡವನು ಅಂಬೆಗಾಲಿಡುತ್ತಿದ್ದಾಗ ಒಂದು ಮಧ್ಯಾಹ್ನ ಗೇಟಿನ ಮುಂದೆ ಲಾರಿ ನಿಂತಿತು. ಇಳಿದವನು ಯಾರೆಂದು ನನಗೆ ಗುರುತು ಸಿಗಲಿಲ್ಲ. ತಲೆಗೂದಲು ಬಿಳಿ, ಹುಬ್ಬು ಬಿಳಿ, ರೆಪ್ಪೆಯೂ ಬಿಳಿ. ಹಲ್ಲು ಬಿಟ್ಟಾಗ ಗೊತ್ತಾಯಿತು, ಕೊನೆಯ ಮನೆಯವನು. ಹತ್ತಿರದಲ್ಲೇ ಯಾವುದೋ ಕಟ್ಟಡಕ್ಕೆ ಕಲ್ಲು ಇಳಿಸಲು ಬಂದಿದ್ದನಂತೆ. ಹೆಂಡತಿ ಕಳಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಕೊಟ್ಟು ಜಗಲಿಯ ಮೇಲೆ ಕೂತ.

ನಿಮ್ಮಮ್ಮ ಕಾಫಿ ತಂದಳು. "ಕೆಮ್ಮು ಹೇಗಿದೆ?"

"ಭಾಳ ಕಮ್ಮಿ ಆಗ್ಯದ್ರಿ ಅಕ್ಕಾರ. ಕರಿ ಉಗುಳು ನಿಂತೇ ಹೋಗ್ಯದ."

"ಮುಖಕ್ಕೆ ಬಟ್ಟೆ ಕಟ್ಕೊಳ್ತೀರಾ? ನೀರು ಬಿಟ್ಕೊಂಡು ಉಜ್ಜಬೇಕಂತೆ, ಧೂಳು ಏಳಲ್ಲ."

"ಕೈ ಮೆಷಿನ್ ಅದಲ್ರಿ, ನೀರು ಬಿಟ್ರ ಕರೆಂಟ್ ಹೊಡಿತದ. ಧೂಳಾರ ಬರ್ಲಿ, ಜೀವ ಉಳೀಬೇಕಲ್ರಿ" ಎಂದು ನಕ್ಕ. ಆಮೇಲೆ ಲೋಟ ಕೆಳಗಿಟ್ಟು, ನಿಮ್ಮಮ್ಮನಿಗೆ ಎರಡು ಕೈ ಜೋಡಿಸಿದ. "ನೀವು ಅವತ್ತು ನಾಕ್ ಪಟ್ಟು ಅಂತ ಹೇಳಿದ್ದು ಚಲೋ ಆತ್ರಿ. ಇಲ್ಲಂದ್ರ ನಾ ಬಿಡ್ತಿದ್ದಿಲ್ಲ. ಇಕಿ ಅಂತಿರ್ತಾಳ, ಅಕ್ಕಾರು ಉಳಿಸಿದ್ರು ಅಂತ."

ಆಮೇಲೆ ಬಂದ ಒಂದೂವರೆ ಅವನ ನೆನಪಿನಲ್ಲೇ ಇರಲಿಲ್ಲ. ನಿಮ್ಮಮ್ಮ ಏನೋ ಹೇಳಲು ಬಾಯಿ ತೆರೆದಳು. ರಸ್ತೆಯಲ್ಲಿ ಲಾರಿಯವನು ಹಾರ್ನ್ ಹೊಡೆದ. ಅವನು ಎದ್ದು ಅಂಗಿ ಕೊಡವಿಕೊಂಡು, ಮಗುವಿನ ಕೆನ್ನೆ ಮುಟ್ಟಲು ಕೈ ಚಾಚಿದವನು ತನ್ನ ಕೈ ನೋಡಿಕೊಂಡು ಹಿಂದಕ್ಕೆ ತೆಗೆದುಕೊಂಡ.

ಲಾರಿ ಹೋದ ಮೇಲೆ ನೋಡಿದರೆ ಜಗಲಿಯ ಕೆಂಪು ನೆಲದ ಮೇಲೆ ಅವನು ಕೂತಿದ್ದ ಜಾಗ ಬೆಳ್ಳಗೆ ಉಳಿದಿತ್ತು. ದೊಡ್ಡವನೇ, ನೀನು ಅದರ ಕಡೆಗೆ ಅಂಬೆಗಾಲಲ್ಲಿ ಹೊರಟೆ. ನಿಮ್ಮಮ್ಮ ನಿನ್ನನ್ನು ಎತ್ತಿಕೊಂಡಳು. ನಾನು ಒದ್ದೆ ಬಟ್ಟೆ ತಂದು ಒರೆಸಿದೆ. ಎರಡು ಸಲ ಹಿಂಡಿದರೂ ನೀರು ಹಾಲಿನಂತೆ ಬೆಳ್ಳಗೇ ಬರುತ್ತಿತ್ತು.